ಗಾರೆ ಬಾಂಡ್ಲಿಯ ಓದು, ಎಂಜಲ ಬಾಯಿಯ ಓದು



ಎಸ್‌ಎಸ್‌ಎಲ್‌ಸಿ ಮುಗಿಸಿದ ಹಾಸ್ಟೆಲ್ ಹುಡುಗ ಹುಡುಗಿಯರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಆರ್ಟ್ಸ್ ತಗೊ, ಬಿ.ಎ. ಮಾಡು, ಆಮೇಲೆ ಯಾವುದಾದರೂ ಪರೀಕ್ಷೆ ಕಟ್ಟು. ನಾವೂ ಬಿ.ಎ. ಓದಿದವರೇ. ಅದಕ್ಕೆ ನಾಚಿಕೆಯಿಲ್ಲ, ಇತಿಹಾಸ ಓದದಿದ್ದರೆ ಈ ಪುಟ ಬರೆಯೋಕೆ ಆಗ್ತಿರಲಿಲ್ಲ. ಆದರೆ ಎರಡು ಓದುಗಳ ಹೆಸರು ನಮ್ಮ ಹಾಸ್ಟೆಲುಗಳಲ್ಲಿ ಯಾರ ಬಾಯಲ್ಲೂ ಬರೋದಿಲ್ಲ. ಒಂದು ಕಟ್ಟಡ ನಿರ್ವಹಣೆ, ಅಂದರೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್. ಇನ್ನೊಂದು ಡೆಂಟಲ್ ಹೈಜೀನ್, ಹಲ್ಲು ಬಾಯಿ ಸ್ವಚ್ಛವಿಡುವ ವಿದ್ಯೆ. ಕಟ್ಟೋದು ಮತ್ತು ತೊಳೆಯೋದು. ತಲೆತಲಾಂತರದಿಂದ ನಮ್ಮ ತಲೆಗೆ ಕಟ್ಟಿದ ಇವೇ ಎರಡು ಕೆಲಸಗಳು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಇಂಗ್ಲಿಷ್ ಹೆಸರಿಟ್ಟುಕೊಂಡು ನಮ್ಮನ್ನೇ ಫೀಸು ಕೇಳುತ್ತಿವೆ.

"ಅಪ್ಪ ಮಾಡಿದ್ದನ್ನೇ ನಾನೂ ಮಾಡಬೇಕಾ?" ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ಏನು ಕಲಿಸುತ್ತಾರೆ ಅಂತ ಮೊದಲು ನೋಡೋಣ.

ಕಟ್ಟಡ ನಿರ್ವಹಣೆಯ ಕ್ಲಾಸಿನಲ್ಲಿ ಇಟ್ಟಿಗೆ ಹೊರಿಸೋದಿಲ್ಲ. ಒಂದು ಗೋಡೆಗೆ ಎಷ್ಟು ಇಟ್ಟಿಗೆ, ಎಷ್ಟು ಮೂಟೆ ಸಿಮೆಂಟು, ಎಷ್ಟು ಆಳು ಅಂತ ಲೆಕ್ಕ ಹಾಕೋದು, ಅದಕ್ಕೆ ದರ ಕಟ್ಟೋದು, ಟೆಂಡರ್ ಓದೋದು, ಅಳತೆ ಪುಸ್ತಕ ಬರೆಯೋದು ಕಲಿಸುತ್ತಾರೆ. 1957ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಹುಟ್ಟಿದ ಕ್ರಿಟಿಕಲ್ ಪಾತ್ ಅನ್ನೋ ವಿಧಾನವೂ ಇದೆ. ಬಾಣಗಳ ಒಂದು ನಕ್ಷೆ ಬರೆದು, ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಕಟ್ಟಡ ಒಂದು ದಿನ ತಡವಾಗುತ್ತೋ ಅದನ್ನು ಹುಡುಕೋದು. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕಡಿಮೆ ಅಂದರೂ 7 ದಿನ ನೀರುಣಿಸಬೇಕು ಅಂತ 2000ದ ಐ.ಎಸ್. 456 ಸಂಹಿತೆ ಹೇಳುತ್ತೆ. ಆ ನೀರು ಹಾಕೋಳು ಯಾರು? ನಮ್ಮವ್ವ. ನಕ್ಷೆಯಲ್ಲಿ ಅವಳು 'ಕ್ಯೂರಿಂಗ್, 7 ದಿನ' ಅಂತ ಇರುತ್ತಾಳೆ. ಮೇಸ್ತ್ರಿಯ ಚೀಟಿಯಲ್ಲಿ 'ಹೆಣ್ಣಾಳು 1' ಅಂತ. ಹೆಸರು ಎಲ್ಲೂ ಇಲ್ಲ.

ಹೆಸರು ಬರೆಯದಿದ್ದರೆ ಏನು ನಷ್ಟ? 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯಿದೆ ಬಂತು. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದೇನೆ ಅಂತ ತೋರಿಸಿದವರಿಗೆ ಮಾತ್ರ ನೋಂದಣಿ ಅಂತ ಅದು ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ 90 ದಿನ ಉಳಿಯಿತು. ಸೆಸ್ ಹಣದಿಂದ ಬರೋ ಪಿಂಚಣಿ, ಮಕ್ಕಳ ಓದಿನ ಸಹಾಯಧನ ಎಲ್ಲಾ ನಿಂತಿರೋದು ಆ 90 ದಿನದ ಕಾಗದದ ಮೇಲೆ. ಹಾಜರಿ ಪುಸ್ತಕ ಬರೆಯೋ ಪೆನ್ನು ನಮ್ಮ ಕೇರಿಯ ಹುಡುಗಿಯ ಕೈಲಿದ್ದರೆ ಅವಳು ತನ್ನ ಅವ್ವನ ಹೆಸರು ಬಿಡ್ತಾಳಾ?

ಟೆಂಡರ್ ವಿಷಯ ಇನ್ನೂ ಕಹಿ. ನಮ್ಮ ರಾಜ್ಯದ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಮೀಸಲಾಯಿತು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಆದರೆ ತಾಲ್ಲೂಕುಗಳಲ್ಲಿ ನಾವು ಕಾಣ್ತಿರೋದೇನು? ಲೈಸೆನ್ಸು ನಮ್ಮವನ ಹೆಸರಲ್ಲಿ, ಜೆ.ಸಿ.ಬಿ. ಧಣಿಯದು, ಬಿಲ್ಲೂ ಧಣಿಯದೇ. ನಮ್ಮವನಿಗೆ ಸಿಗೋದು ಸಹಿ ಹಾಕಿದ ಕೂಲಿ. ಬಂಡವಾಳ ಇಲ್ಲ ಅನ್ನೋದು ನಿಜ, ಅದಕ್ಕೆ ಬೇರೆಯೇ ಜಗಳ ಆಡಬೇಕು. ಆದರೆ ಟೆಂಡರಿನ ಪ್ರಮಾಣ ಪಟ್ಟಿ ಓದಲು ಬಾರದವನ ಕೈಗೆ ಬಂಡವಾಳ ಕೊಟ್ಟರೂ ಅದು ಒಂದು ಮಳೆಗಾಲ ನಿಲ್ಲೋದಿಲ್ಲ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿ, ವಿದ್ಯುತ್ತು, ಕೇಂದ್ರ ಲೋಕೋಪಯೋಗಿ ಇಲಾಖೆಯೂ ಅವರ ಕೈಲಿತ್ತು. (ಜಯಂತಿ ಭಾಷಣದಲ್ಲಿ ಇದು ಬರೋದಿಲ್ಲ. ಅಷ್ಟೊತ್ತಿಗೆ ಮೈಕು ಶಾಸಕರ ಕೈಗೆ ಹೋಗಿರುತ್ತೆ.)

ಇನ್ನು ಬಾಯಿ. ಡೆಂಟಲ್ ಹೈಜೀನಿಸ್ಟ್ ಅಂದರೆ ಹಲ್ಲಿನ ಡಾಕ್ಟರಲ್ಲ, ಅವರ ಜೊತೆ ಕೆಲಸ ಮಾಡುವವರು. ಹಲ್ಲಿನ ಬುಡದಲ್ಲಿ ಗಾರೆಯಂತೆ ಗಟ್ಟಿ ಕೂತದ್ದನ್ನು ಕೆರೆದು ತೆಗೀಬೇಕು, ಬಾಯಿ ಹೇಗಿಟ್ಟುಕೋಬೇಕು ಅಂತ ಹೇಳಿಕೊಡಬೇಕು. 1913ರಲ್ಲಿ ಅಮೆರಿಕದ ಬ್ರಿಡ್ಜ್‌ಪೋರ್ಟ್‌ನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯ ಇದಕ್ಕೆ ಮೊದಲ ಶಾಲೆ ತೆರೆದ. ನಮ್ಮಲ್ಲಿ 1948ರ ದಂತವೈದ್ಯರ ಕಾಯಿದೆ ಈ ಕೆಲಸದವರಿಗೆ ಬೇರೆ ರಿಜಿಸ್ಟರನ್ನೇ ಇಟ್ಟಿತು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ. ಈ ದೇಶದಲ್ಲಿ ಜಾತಿ ಕೂತಿರೋದೇ ಎಂಜಲಿನಲ್ಲಿ. ಹೋಟೆಲಿನಲ್ಲಿ ನಮ್ಮ ಲೋಟ ಬೇರೆ ಇಟ್ಟದ್ದು ಎಂಜಲಿಗಾಗಿ. ಉಂಡೆದ್ದ ಎಲೆಯ ಮೇಲೆ ಮನುಷ್ಯರು ಉರುಳುವ ಮಡೆಸ್ನಾನವನ್ನು ನಿಲ್ಲಿಸೋಕೆ 2017ರ ಕಾಯಿದೆಯೇ ಬರಬೇಕಾಯಿತು. ಅಂಥ ನಾಡಿನಲ್ಲಿ ಈ ಕೋರ್ಸಿನ ಮೊದಲ ಪಾಠ ಏನು ಗೊತ್ತಾ? ಬಂದು ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬರ ಉಗುಳಿನಲ್ಲೂ ರೋಗ ಇರಬಹುದು ಅಂತಲೇ ತಿಳಿದು ಕೈಗವುಸು ಹಾಕು. ಅರ್ಚಕರದೂ ಅಷ್ಟೇ, ಪೌರಕಾರ್ಮಿಕರದೂ ಅಷ್ಟೇ. ಬಾಯೊಳಗೆ ಆಡಿಸಿದ ಉಪಕರಣವನ್ನು ತೊಳೆದು 15 ಪೌಂಡ್ ಒತ್ತಡದ ಹಬೆಯಲ್ಲಿ, 121 ಡಿಗ್ರಿ ಶಾಖದಲ್ಲಿ, 15 ನಿಮಿಷ ಇಡು. ಶುದ್ಧವಾಯಿತು. ಗೋಮೂತ್ರ ಬೇಡ, ಮಂತ್ರ ಬೇಡ. ನಮ್ಮ ಹುಡುಗಿ ಧಣಿಗೆ "ಬಾಯಿ ತೆಗೀರಿ" ಅಂದರೆ ಅವನು ತೆಗೀಲೇಬೇಕು. ಇದನ್ನು ನೆನೆಸಿಕೊಂಡು ನಾವು ಒಂದು ರಾತ್ರಿ ಪೂರ್ತಿ ನಕ್ಕಿದ್ದೇವೆ.

ನಗು ಮುಗಿದ ಮೇಲೆ ಇನ್ನೊಂದು ಮಾತು. ಈ ಓದು ಓದಿ ಬಂದವಳ ಕೈಗೆ ನೆಲ ಒರೆಸೋ ಬಟ್ಟೆ ಕೊಡುವ ಕ್ಲಿನಿಕ್ಕುಗಳೂ ಇವೆ. ಒರೆಸಬೇಡಿ. ರಿಜಿಸ್ಟರಿನಲ್ಲಿ ಬರೆದ ಕೆಲಸ ಮಾತ್ರ ಮಾಡಿ.

ಪುಸ್ತಕದಲ್ಲಿ ಫ್ಲೋರೈಡ್ ಅಂದರೆ ಹುಳುಕು ತಡೆಯೋ ಔಷಧಿ. ಪಾವಗಡದ ಕಡೆ ಅದು ಬೋರ್‌ವೆಲ್ಲಿನಿಂದ ಬರೋ ವಿಷ. ಕುಡಿಯೋ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ನಿಯಮ. ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಒಳಗಿನಿಂದಲೇ ಕಂದು ಬಣ್ಣಕ್ಕೆ ತಿರುಗುತ್ತೆ, ಎಷ್ಟು ಉಜ್ಜಿದರೂ ಹೋಗೋದಿಲ್ಲ. ಶಾಲೆಯಲ್ಲಿ ಮಾತ್ರ "ಹಲ್ಲು ಉಜ್ಜಿಲ್ವೇನೋ ಕೊಳಕಾ" ಅನ್ನೋ ಬೈಗುಳ. ಅದು ಕೊಳಕಲ್ಲ, ಕೊಳವೆ ಬಾವಿಯ ಕಲೆ ಅಂತ ಆ ಮೇಷ್ಟರ ಎದುರು ನಿಂತು ಹೇಳೋ ಓದು ಯಾರಾದರೂ ಓದಬೇಕಲ್ಲ?

ಈಗ ಬಾಗಿಲುಗಳ ವಿಷಯ. ಡಿಪ್ಲೊಮಾ ಸಿವಿಲ್‌ಗೆ ಎಸ್‌ಎಸ್‌ಎಲ್‌ಸಿ ಸಾಕು, ಪಾಲಿಟೆಕ್ನಿಕ್ಕಿನಲ್ಲಿ 3 ವರ್ಷ. ಆಮೇಲೆ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ 2ನೇ ವರ್ಷಕ್ಕೆ ನೇರ ಹೋಗಬಹುದು. ಹೈಜೀನಿಸ್ಟ್ ಡಿಪ್ಲೊಮಾ 2 ವರ್ಷ, ಅದಕ್ಕೆ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಇರುವ ವಿಜ್ಞಾನ ಓದಿರಬೇಕು. ಆರ್ಟ್ಸ್ ಫಾರಂ ತುಂಬಿದ ದಿನವೇ ಆ ಬಾಗಿಲು ಮುಚ್ಚುತ್ತೆ. ಹಾಗಾಗಿ ಹತ್ತನೇ ಕ್ಲಾಸಿನವರು ಫಾರಂಗೆ ಸಹಿ ಹಾಕೋ ಮೊದಲು ಹಾಸ್ಟೆಲಿನ ಹಿರಿಯರು ಅವರ ಜೊತೆ ಒಂದು ಸಂಜೆ ಕೂರಲಿ. ಅಂಕಪಟ್ಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಎದುರಿಗಿರಲಿ. ಅವ್ವನ ಕಾರ್ಮಿಕ ಕಾರ್ಡು ಇದ್ದರೆ ಅದನ್ನೂ ತರಲಿ.