ಕಾಂಚನಪುರಿಯ ಸೇತುವೆ, ಐರಾವತನ ಜಲಪಾತ

ಬ್ಯಾಂಕಾಕ್‌ನಿಂದ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿ ಕಾಂಚನಬುರಿ ಎಂಬ ಪಟ್ಟಣವಿದೆ. ಅದೇ ಹೆಸರಿನ ಪ್ರಾಂತಕ್ಕೆ ಇದೇ ಮುಖ್ಯ ಊರು. ಹೆಸರು ಅಪರಿಚಿತವಲ್ಲ, ಸಂಸ್ಕೃತದ ‘ಕಾಂಚನಪುರಿ’ಯೇ ಥಾಯ್ ನಾಲಿಗೆಯಲ್ಲಿ ಹೀಗಾಗಿದೆ. ಆದರೆ ಈ ಚಿನ್ನದೂರಿಗೆ ಪ್ರವಾಸಿಗಳು ಬರುವುದು ಚಿನ್ನಕ್ಕಾಗಿ ಅಲ್ಲ, ಒಂದು ಕಬ್ಬಿಣದ ಸೇತುವೆಯನ್ನು ನೋಡಲು.

ಎರಡನೆಯ ಮಹಾಯುದ್ಧದಲ್ಲಿ ಬರ್ಮಾವನ್ನು ಆಕ್ರಮಿಸಿದ ಜಪಾನಿಗೆ ಅಲ್ಲಿನ ಸೈನ್ಯಕ್ಕೆ ಸಾಮಗ್ರಿ ಸಾಗಿಸಬೇಕಿತ್ತು. ಮಲಯವನ್ನು ಸುತ್ತಿ ಬರುವ ಸಮುದ್ರಮಾರ್ಗದಲ್ಲಿ ಶತ್ರುಗಳ ಜಲಾಂತರ್ಗಾಮಿಗಳ ಭಯ. ಆಗ ಹುಟ್ಟಿದ್ದೇ ಕಾಡು, ಬೆಟ್ಟಗಳನ್ನು ಸೀಳಿಕೊಂಡು ಥಾಯ್ಲೆಂಡಿನ ಬಾನ್ ಪಾಂಗ್‌ನಿಂದ ಬರ್ಮಾದ ಥಾನ್‌ಬ್ಯೂಜಯಾಟ್‌ವರೆಗೆ 415 ಕಿಲೋಮೀಟರ್ ರೈಲುಮಾರ್ಗದ ಯೋಜನೆ. 1942ರಲ್ಲಿ ಆರಂಭವಾದ ಕೆಲಸ 1943ರ ಅಕ್ಟೋಬರ್‌ನಲ್ಲಿ ಮುಗಿಯಿತು. ಈ ಅವಸರಕ್ಕೆ ತೆತ್ತ ಬೆಲೆ ಮನುಷ್ಯರ ಪ್ರಾಣ. ಹಸಿವು, ಕಾಲರಾ, ಮಲೇರಿಯಾ ಮತ್ತು ಹೊಡೆತಗಳಿಗೆ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಬಲಿಯಾದರು. ‘ಸಾವಿನ ರೈಲುಮಾರ್ಗ’ ಎಂಬ ಹೆಸರು ಬಂದದ್ದು ಹೀಗೆ.

ಈ ಕಥೆಯನ್ನು ಜಗತ್ತಿಗೆ ಪರಿಚಯಿಸಿದ್ದು ಡೇವಿಡ್ ಲೀನ್ 1957ರಲ್ಲಿ ತೆಗೆದ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’. ಏಳು ಆಸ್ಕರ್ ಗೆದ್ದ ಈ ಚಿತ್ರದ ಚಿತ್ರೀಕರಣ ನಡೆದದ್ದು ಶ್ರೀಲಂಕಾದಲ್ಲಿ! ಚಿತ್ರದಲ್ಲಿ ಸೇತುವೆಯನ್ನು ಸ್ಫೋಟಿಸಲಾಗುತ್ತದೆ. ನಿಜವಾದ ಸೇತುವೆಗೆ ವಿಮಾನಗಳಿಂದ ಬಾಂಬು ಬಿತ್ತು. ಕಮಾನಿನಾಕಾರದ ಭಾಗಗಳು ಯುದ್ಧಕಾಲದವು. ನಡುವಿನ ನೇರ ಅಂಚಿನ ಎರಡು ಭಾಗಗಳನ್ನು ಯುದ್ಧದ ನಂತರ ಜೋಡಿಸಲಾಯಿತು. ಗಮನವಿಟ್ಟು ನೋಡಿದರೆ ಮಕ್ಕಳೂ ಗುರುತಿಸಬಹುದು.

ನದಿಯ ಹೆಸರಿನಲ್ಲೂ ಒಂದು ತಮಾಷೆಯಿದೆ. ಥಾಯ್ ಭಾಷೆಯಲ್ಲಿ ‘ಕ್ವಾಯ್’ ಎಂದರೆ ಎಮ್ಮೆ, ‘ಕ್ವೇ’ ಎಂದರೆ ಉಪನದಿ. ಸೇತುವೆ ಇದ್ದುದು ಮೇ ಕ್ಲಾಂಗ್ ನದಿಯ ಮೇಲೆ. ಸಿನಿಮಾ ನೋಡಿ ಬಂದವರೆಲ್ಲ ಕ್ವಾಯ್ ಎಲ್ಲಿ ಎಂದು ಹುಡುಕತೊಡಗಿದಾಗ, 1960ರ ಸುಮಾರಿಗೆ ಆ ಭಾಗಕ್ಕೆ ‘ಕ್ವೇ ಯಾಯ್’ ಎಂದೇ ಹೆಸರಿಡಲಾಯಿತು!

ಪಟ್ಟಣದೊಳಗಿನ ಯುದ್ಧ ಸ್ಮಶಾನದಲ್ಲಿ ಬ್ರಿಟಿಷ್, ಆಸ್ಟ್ರೇಲಿಯನ್ ಹಾಗೂ ಡಚ್ ಸೈನಿಕರ ಸುಮಾರು 7,000 ಸಮಾಧಿಗಳಿವೆ. ಅನೇಕರ ವಯಸ್ಸು ಇಪ್ಪತ್ತರ ಆಸುಪಾಸು. ಇಂದಿನ ಕಾಲೇಜು ವಿದ್ಯಾರ್ಥಿಗಳ ವಯಸ್ಸು. ಆದರೆ ಈ ಕಲ್ಲುಗಳ ಸಾಲು ಹೇಳದ ಸಂಗತಿಯೊಂದಿದೆ. ಹಳಿ ಹಾಸಿದವರಲ್ಲಿ ಕೈದಿಗಳಿಗಿಂತ ಏಷ್ಯಾದ ಕೂಲಿಗಳೇ ಬಹಳ ಹೆಚ್ಚು. ಬರ್ಮೀಯರು, ಮಲಯದವರು, ಜಾವಾದವರು, ಮಲಯದ ರಬ್ಬರ್ ತೋಟಗಳಿಂದ ಕರೆತಂದ ತಮಿಳರು ಹೀಗೆ ಎರಡು ಲಕ್ಷದಷ್ಟು ಜನ. ಅವರಲ್ಲಿ ಸತ್ತವರು ಸುಮಾರು 90,000 ಎಂಬ ಅಂದಾಜಿದೆ. ಸೈನಿಕರ ಹೆಸರು, ಸಂಖ್ಯೆ ಸೈನ್ಯದ ದಾಖಲೆಯಲ್ಲಿತ್ತು. ಕೂಲಿಗಳ ಲೆಕ್ಕ ಇಟ್ಟವರಿಲ್ಲ. ಬಹುಪಾಲು ಜನರಿಗೆ ಸಮಾಧಿಯೂ ಇಲ್ಲ, ಹೆಸರೂ ಇಲ್ಲ. ದಾಖಲೆ ಇದ್ದವರ ನೆನಪು ಉಳಿಯುತ್ತದೆ, ಇಲ್ಲದವರದು ಅಳಿಯುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಇನ್ನೊಂದು ಮುಖ ಹಸಿರಿನದು. ಪಟ್ಟಣದಿಂದ ಸುಮಾರು 65 ಕಿಲೋಮೀಟರ್ ದೂರದ ಎರಾವನ್ ಜಲಪಾತ ಏಳು ಹಂತಗಳಲ್ಲಿ ಧುಮುಕುತ್ತದೆ. ಎರಾವನ್ ಎಂದರೆ ಇಂದ್ರನ ಆನೆ ಐರಾವತ. ಥಾಯ್ ಚಿತ್ರಗಳಲ್ಲಿ ಅದಕ್ಕೆ ಮೂರು ತಲೆ. ಸುಣ್ಣಕಲ್ಲಿನ ಬೆಟ್ಟದಲ್ಲಿ ಹರಿಯುವ ನೀರಿನಲ್ಲಿ ಸುಣ್ಣದ ಅಂಶ ಕರಗಿರುವುದರಿಂದ ಮಡುಗಳಿಗೆ ಪಚ್ಚೆಯ ಬಣ್ಣ. ನೀರಿಗಿಳಿದವರ ಕಾಲನ್ನು ಪುಟ್ಟ ಮೀನುಗಳು ಕಚ್ಚಿ ಕಚಗುಳಿಯಿಡುತ್ತವೆ. ಮಳೆ ಮುಗಿದ ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತಕರ. ಏಪ್ರಿಲ್‌ನಲ್ಲಿ ಬಿಸಿಲು ಬಿರುಸು, ನೀರೂ ಕಡಿಮೆ.

ಹಳೆಯ ಹಳಿಯ ಒಂದು ಭಾಗದಲ್ಲಿ ರೈಲು ಇಂದಿಗೂ ಓಡುತ್ತದೆ. ಥಾಮ್ ಕ್ರಸೆ ಎಂಬಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ನದಿ. ನಡುವೆ ಮರದ ಕಂಬಗಳ ಮೇಲೆ ಗಾಡಿ ಮೆಲ್ಲಗೆ ಸಾಗುತ್ತದೆ. ಕೊನೆಯ ನಿಲ್ದಾಣ ನಾಮ್ ಟೋಕ್. ಅಲ್ಲಿಂದ ಮುಂದಿನ ಹಳಿಗಳನ್ನು ಯುದ್ಧದ ನಂತರ ಕಿತ್ತುಹಾಕಲಾಯಿತು. ಥಾಯ್ ಭಾಷೆಯಲ್ಲಿ ನಾಮ್ ಎಂದರೆ ನೀರು, ಟೋಕ್ ಎಂದರೆ ಬೀಳು. ಸಾವಿನ ರೈಲುಮಾರ್ಗ ಈಗ ಜಲಪಾತ ಎಂಬ ಹೆಸರಿನ ಊರಿನಲ್ಲಿ ನಿಲ್ಲುತ್ತದೆ. ಇಳಿದ ಮಕ್ಕಳು ನೀರಿನತ್ತ ಓಡುವುದು ಸಹಜ. ಓಡುವ ಮುನ್ನ ಒಮ್ಮೆ ಹಿಂತಿರುಗಿ ಆ ಹಳಿಗಳನ್ನು ನೋಡುವಂತೆ ಹೇಳುವುದು ಮಾತ್ರ ದೊಡ್ಡವರ ಕೆಲಸ.