ರಾತ್ರಿ ರೈಲಿನ ಕೆಳಗೆ



ರೈಲಿನಲ್ಲಿ ಜಾತಿ ಇಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಸ್ಲೀಪರ್ ಬೋಗಿ ನೋಡ್ರಪ್ಪಾ ಅಂತಾರೆ. ಈ ಕಡೆ ಮೂರು, ಎದುರಿಗೆ ಮೂರು, ಪಕ್ಕಕ್ಕೆ ಎರಡು, ಹೀಗೆ ಎಂಟು ಜನ ಒಂದೇ ಗೂಡಿನಲ್ಲಿ ಮಲಗ್ತಾರೆ. ಯಾರು ಮೇಲೆ ಯಾರು ಕೆಳಗೆ ಅನ್ನೋದನ್ನು ಕಂಪ್ಯೂಟರು ತೀರ್ಮಾನ ಮಾಡುತ್ತೆ, ಕಂಪ್ಯೂಟರಿಗೆ ಮನುಸ್ಮೃತಿ ಗೊತ್ತಿಲ್ಲ. ಮಾದಿಗರ ಹುಡುಗ ಅಪ್ಪರ್ ಬರ್ತಿನಲ್ಲಿ, ಶಾಸ್ತ್ರಿಗಳು ಲೋಯರ್ ಬರ್ತಿನಲ್ಲಿ. ಇನ್ನೆಂಥ ಸಮಾನತೆ ಬೇಕ್ರಯ್ಯಾ ನಿಮಗೆ? ಹೀಗೆ ಕೇಳುವವರಿಗೆ ಉತ್ತರ ಕೊಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇವೆ.

ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿ ಗಾಡಿ. ನಾವು ಮೂವರು, ರೈಲ್ವೆ ನೇಮಕಾತಿ ಪರೀಕ್ಷೆ ಬರೆಯಲು ಹೊರಟವರು. ಪರೀಕ್ಷೆಯ ಸೆಂಟರನ್ನು ಮನೆ ಹತ್ತಿರ ಹಾಕಿದರೆ ರೈಲ್ವೆಯವರಿಗೆ ಸಮಾಧಾನವಿಲ್ಲ, ಐನೂರು ಕಿಲೋಮೀಟರು ದಾಟಿಸಲೇಬೇಕು. ಎದುರು ಸೀಟಿನಲ್ಲಿ ಒಬ್ಬ ಸಾಹೇಬರು, ಜೊತೆಗೆ ಅವರ ಮನೆಯವರು. ಒಳ್ಳೆ ಮಂದಿನೇ. ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ, ‘ತಗೋರಿ ತಮ್ಮಾ’ ಅಂದರು. ತಿಂದೆವು. ಅವರದೇ ಬಾಟ್ಲಿಯಿಂದ ನೀರು ಕುಡಿದೆವು. ಆಮೇಲೆ ಶುರುವಾಯಿತು. ಯಾ ಊರು? ಅಪ್ಪ ಏನ್ ಮಾಡ್ತಾರ? ಹೊಲ ಎಷ್ಟದ? ಅಡ್ಡಹೆಸರು ಏನು? ಕೊನೆಗೆ, ‘ಹಾಸ್ಟೆಲ್ ಯಾವ್ದು, ಬಿಸಿಎಮ್ಮೋ ಸೋಷಿಯಲ್ ವೆಲ್‌ಫೇರೋ?’

ಈ ಪ್ರಶ್ನೆ ನಿಮಗೆಲ್ಲಾ ಗೊತ್ತು. ಬಾಯಿಬಿಟ್ಟು ಜಾತಿ ಕೇಳುವುದು ಈಗ ಮರ್ಯಾದೆ ಅಲ್ಲ, ಅದಕ್ಕೇ ಹಾಸ್ಟೆಲಿನ ಹೆಸರು ಕೇಳ್ತಾರೆ. ನಮ್ಮಲ್ಲಿ ಒಬ್ಬ, ‘ರೂಮ್ ಮಾಡ್ಕೊಂಡೀವ್ರಿ’ ಅಂತ ಸುಳ್ಳು ಹೇಳಿದ. ಆಮೇಲೆ ನಾವು ಅವನಿಗೆ ಬೈದೆವು. ಆದರೆ ಆ ಹೊತ್ತಿನಲ್ಲಿ ಮೂವರಿಗೂ ಆ ಸುಳ್ಳು ಹಿತವಾಗಿತ್ತು ಅನ್ನೋದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಸುಳ್ಳು ವಾಡಿ ದಾಟುವವರೆಗೂ ಬಾಳಿತು. ಟಿ.ಸಿ. ಬಂದರು. ರೈಲ್ವೆ ನೇಮಕಾತಿ ಪರೀಕ್ಷೆಗೆ ಹೋಗುವ ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಸ್ಲೀಪರ್ ಕ್ಲಾಸಿನಲ್ಲಿ ಉಚಿತ ಪ್ರಯಾಣವಿದೆ, ಆದರೆ ಜಾತಿ ಸರ್ಟಿಫಿಕೇಟು ಜೇಬಲ್ಲಿ ಇರಬೇಕು. ‘ಕಾಸ್ಟ್ ಸರ್ಟಿಫಿಕೇಟ್ ತೆಗೀರಿ, ಒರಿಜಿನಲ್ಲು’ ಅಂತ ಬೋಗಿಯ ಆ ತುದಿಗೂ ಕೇಳುವ ಹಾಗೆ ಕೂಗಿದರು. ಕೇಳುವುದು ಅವರ ಡ್ಯೂಟಿ, ಕೂಗುವುದು ಡ್ಯೂಟಿ ಅಲ್ಲ. ಮೂರು ಸರ್ಟಿಫಿಕೇಟು ಬಿಚ್ಚಿದೆವು. ಅವರು ಮುಂದಿನ ಸೀಟಿಗೆ ಹೋದರು. ಆ ಅಮ್ಮ ನೀರಿನ ಬಾಟ್ಲಿ ತೆಗೆದುಕೊಂಡು ಕಿಟಕಿಯಿಂದ ಆಚೆ ಎಸೆದರು. ಅರ್ಧಕ್ಕೂ ಹೆಚ್ಚು ನೀರಿತ್ತು. ಸಾಹೇಬರು ಪಕ್ಕದ ಬರ್ತಿನವರ ಕಡೆ ತಿರುಗಿ, ‘ಇವರಿಗೆಲ್ಲಾ ಫುಕಟ್ ನೋಡ್ರಿ, ನಮ್ ಮಕ್ಕಳು ರೊಕ್ಕ ಕೊಟ್ಟೇ ಹೋಗ್ಬೇಕು’ ಅಂದರು.

ಫುಕಟ್ ವಿಷಯಕ್ಕೇ ಮೊದಲು ಬರೋಣ. ರೊಕ್ಕ ಕೊಟ್ಟು ಹೋದಾಗ ನಮಗೆ ಏನು ಸಿಕ್ಕಿತ್ತು? 1901ರಲ್ಲಿ ಬಾಬಾಸಾಹೇಬರು ಇನ್ನೂ ಸಣ್ಣ ಹುಡುಗ. ಗೋರೆಗಾಂವಿನಲ್ಲಿ ಕೆಲಸದಲ್ಲಿದ್ದ ಅಪ್ಪನನ್ನು ನೋಡಲು ಅಣ್ಣನ ಜೊತೆ ಸತಾರಾದಿಂದ ರೈಲು ಹತ್ತಿ ಮಸೂರಿನಲ್ಲಿ ಇಳಿದರು. ಹೊಸ ಬಟ್ಟೆ, ಟಿಕೆಟಿಗೆ ಪೂರಾ ದುಡ್ಡು. ಬಟ್ಟೆ ನೋಡಿ ಮೇಲ್ಜಾತಿಯ ಮಕ್ಕಳು ಅಂದುಕೊಂಡ ಸ್ಟೇಷನ್ ಮಾಸ್ಟರು ವಿಚಾರಿಸಲು ಬಂದ. ಮಹಾರರು ಅಂತ ಗೊತ್ತಾದ ಕೂಡಲೇ ಮುಖ ಬದಲಾಯಿತು. ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳೇ ಎತ್ತಿನ ಗಾಡಿ ಹೊಡೆದುಕೊಂಡು, ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು ಬರುವ ಕರಾರಿನ ಮೇಲೆ ಹೊರಟರು. ಬುತ್ತಿಯಲ್ಲಿ ಊಟ ಇತ್ತು, ಕುಡಿಯಲು ನೀರು ಕೊಡುವವರಿರಲಿಲ್ಲ. ಸುಂಕದ ಕಟ್ಟೆಯಲ್ಲೂ ಸಿಗಲಿಲ್ಲ. ಉಪವಾಸವೇ ರಾತ್ರಿ ಕಳೆದರು. 1929ರಲ್ಲಿ ಅವರು ಬ್ಯಾರಿಸ್ಟರ್ ಆಗಿ, ಡಾಕ್ಟರ್ ಆಗಿ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದಾಗಲೂ ಟಾಂಗಾದವರು ಹತ್ತಿಸಿಕೊಳ್ಳಲಿಲ್ಲ. ಹೊಡೆದು ಅಭ್ಯಾಸವಿಲ್ಲದ ನಮ್ಮವನೊಬ್ಬ ಟಾಂಗಾ ಹೊಡೆದು, ಅಪಘಾತವಾಗಿ, ಬಾಬಾಸಾಹೇಬರು ಕೆಳಗೆ ಬಿದ್ದರು. ಎಲ್ಲದಕ್ಕೂ ಬಾಡಿಗೆ ಕೊಟ್ಟಿದ್ದರು. ನೂರಿಪ್ಪತ್ತು ವರ್ಷದ ಮೇಲೂ ನೀರಿನ ಬಾಟ್ಲಿ ಕಿಟಕಿಯಿಂದ ಆಚೆ ಹೋಗುತ್ತೆ ಅಂದಮೇಲೆ ಟಿಕೆಟಿನ ದುಡ್ಡಿನ ಮಾತು ಯಾಕೆ?

ರೈಲು ಬಂದರೆ ಜಾತಿ ಹೋಗುತ್ತೆ ಅನ್ನುವ ನಂಬಿಕೆ ಆ ಸಾಹೇಬರದೊಂದೇ ಅಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲನೇ ಪ್ಯಾಸೆಂಜರ್ ರೈಲು ಓಡಿತು. ಅದೇ ವರ್ಷ ಕಾರ್ಲ್ ಮಾರ್ಕ್ಸ್ ಅಮೆರಿಕದ ಪತ್ರಿಕೆಯೊಂದರಲ್ಲಿ, ರೈಲಿನ ಹಿಂದೆ ಬರುವ ಕೈಗಾರಿಕೆಯು ಜಾತಿಗೆ ಆಧಾರವಾದ ವಂಶಪಾರಂಪರ್ಯ ಕಸುಬನ್ನು ಕರಗಿಸುತ್ತದೆ ಎಂದು ಬರೆದ. ಮಾರ್ಕ್ಸ್ ಬಗ್ಗೆ ನಮಗೆ ಗೌರವವಿದೆ. ಆದರೆ ಆತ ನಮ್ಮ ಕೇರಿ ನೋಡಿರಲಿಲ್ಲ. ನಮ್ಮ ಕಾಮ್ರೇಡ್ ಗೆಳೆಯರು ನೋಡಿದ್ದಾರೆ, ಆದರೂ ಎಷ್ಟೋ ಸಲ ಅದನ್ನೇ ಹೇಳ್ತಾರೆ. ರೈಲು ವಂಶಪಾರಂಪರ್ಯ ಕಸುಬನ್ನು ಕರಗಿಸಿತಾ? ಉತ್ತರ ಬೋಗಿಯ ಒಳಗೆ ಸಿಗುವುದಿಲ್ಲ, ಬೋಗಿಯ ಕೆಳಗೆ ಬಗ್ಗಿ ನೋಡಬೇಕು.

ಸ್ವಲ್ಪ ವರ್ಷದ ಹಿಂದಿನವರೆಗೂ ರೈಲಿನ ಕಕ್ಕಸು ಅಂದರೆ ಒಂದು ತೂತು. ಕೂತವರಿಗೆ ಕೆಳಗೆ ಓಡುವ ಜಲ್ಲಿ ಕಾಣ್ತಿತ್ತು. ಒಳಗೊಂದು ಬೋರ್ಡು, ಗಾಡಿ ಸ್ಟೇಷನ್ನಿನಲ್ಲಿ ನಿಂತಾಗ ಬಳಸಬೇಡಿ ಅಂತ. ಅಂದರೆ ಊರ ಹೊರಗೆ ಹೋಗಿ ಅಂತ ಅರ್ಥ. ಊರ ಹೊರಗೆ ಯಾರಿರ್ತಾರೆ? ಕಂಬಿಯ ಮೇಲೆ ನಡೆಯುವ ಗ್ಯಾಂಗ್‌ಮನ್ ಇರ್ತಾನೆ, ಕಂಬಿ ಪಕ್ಕದ ಗುಡಿಸಲಿನವರು ಇರ್ತಾರೆ. ಆ ಬೋರ್ಡಿನ ಮಾತನ್ನೂ ಯಾರೂ ಕೇಳಲಿಲ್ಲ. ರಾತ್ರಿ ಗಾಡಿಯ ಲೆಕ್ಕವನ್ನೇ ನೋಡಿ. ಒಂದು ಹಳೇ ಸ್ಲೀಪರ್ ಬೋಗಿಗೆ 72 ಬರ್ತು. ರಾತ್ರಿಯೆಲ್ಲಾ ಮಲಗಿದವರು ಎಲ್ಲರೂ ಒಟ್ಟಿಗೇ ಏಳುವುದು ದೊಡ್ಡ ಊರು ಹತ್ತಿರ ಬಂದಾಗ. ಗಾಡಿ ನಿಧಾನವಾಗುತ್ತೆ, ಸಿಗ್ನಲ್ಲಿಗೆ ನಿಲ್ಲುತ್ತೆ, ಪ್ಲಾಟ್‌ಫಾರಮ್ಮಿಗೆ ಬಂದು ನಿಂತರೂ ಕಕ್ಕಸಿನ ಬಾಗಿಲು ತೆರೆಯುವುದಿಲ್ಲ. ಬೆಳಗಿನ ಜಾವ ಒಂದರ ಹಿಂದೆ ಒಂದು ರಾತ್ರಿ ಗಾಡಿಗಳು. ಅವು ಹೋದಮೇಲೆ ಕಂಬಿ ನಡುವೆ ಪೊರಕೆ, ತಗಡು, ನೀರಿನ ಪೈಪು ಹಿಡಿದು ಇಳಿಯುವವರು ಯಾವ ಜಾತಿಯವರು ಅಂತ ಯಾವ ಟಿ.ಸಿ.ಯೂ ಸರ್ಟಿಫಿಕೇಟು ಕೇಳಿದ್ದಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ.

ಪತ್ರಿಕೆಯವರು ಅದನ್ನು ‘ಮಾನವ ತ್ಯಾಜ್ಯ’ ಅಂತ ಬರೀತಾರೆ. ನಾವು ಹೇಲು ಅಂತಲೇ ಬರೆಯುತ್ತೇವೆ.

ಇಲ್ಲಿ ಒಂದು ಸಂಗತಿ ನೆನಪಿಡಬೇಕು. 1970ರ ದಶಕದ ಆರಂಭದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ನಮ್ಮ ರಾಜ್ಯದಲ್ಲಿ ತಲೆಮೇಲೆ ಮಲ ಹೊರುವುದನ್ನು ನಿಷೇಧ ಮಾಡಿದರು. 1973ರಲ್ಲಿ ‘ಬೂಸಾ’ ಅಂದದ್ದಕ್ಕೆ ಅವರ ಮೇಲೆ ಮುಗಿಬಿದ್ದವರು, ನಮ್ಮ ಹಾಸ್ಟೆಲ್ ಹುಡುಗರನ್ನು ಹೊಡೆದವರು, ಈ ಕೆಲಸದ ಬಗ್ಗೆ ಒಂದು ಒಳ್ಳೆ ಮಾತು ಆಡಲಿಲ್ಲ. ಇರಲಿ. ಆ ನಿಷೇಧ ಪುರಸಭೆಯ ಕಕ್ಕಸಿಗೆ ತಟ್ಟಿತು, ರೈಲಿನ ತೂತಿಗೆ ತಟ್ಟಲಿಲ್ಲ, ಅದು ಕೇಂದ್ರದ ಆಸ್ತಿ. 1977ರಲ್ಲಿ ಮಧು ದಂಡವತೆ ರೈಲ್ವೆ ಮಂತ್ರಿಯಾದರು. ಸೆಕೆಂಡ್ ಕ್ಲಾಸಿನ ಮರದ ಹಲಗೆಯ ಮೇಲೆ ಎರಡಂಗುಲ ಸ್ಪಂಜು ಹಾಕಿಸಿದರು, ಬಡವರ ಬೆನ್ನಿನ ಬಗ್ಗೆ ಯೋಚನೆ ಮಾಡಿದ ಒಳ್ಳೆ ಸಮಾಜವಾದಿ. ನಾವೂ ಆ ಸ್ಪಂಜಿನ ಮೇಲೆ ಮಲಗಿದವರೇ. ಆದರೆ ಬರ್ತಿಗೆ ಸ್ಪಂಜು ಬಂದ ಮೇಲೆ ಕೆಳಗಿನ ತೂತಿಗೆ ಮುಚ್ಚಳ ಬರಲು ನಲವತ್ತು ವರ್ಷ ಬೇಕಾಯಿತು. ನಡುವೆ 1993ರಲ್ಲಿ ಒಂದು ಕಾನೂನು ಬಂತು. ಒಣ ಕಕ್ಕಸು ಕಟ್ಟಿದರೆ ಅಪರಾಧ, ಎತ್ತಿಸಿದರೆ ಅಪರಾಧ. ದೇಶದ ಅತಿ ದೊಡ್ಡ ತೆರೆದ ಕಕ್ಕಸು ಪ್ರತಿ ರಾತ್ರಿ ಸೀಟಿ ಹೊಡೆದುಕೊಂಡು ನಮ್ಮ ಊರುಗಳ ಮೇಲೆ ಹಾದುಹೋಗುತ್ತಲೇ ಇತ್ತು.

ಕೋರ್ಟಿಗೆ ಹೋದದ್ದು ನಮ್ಮವರೇ. ಕೋಲಾರದ ಚಿನ್ನದ ಗಣಿಯ ಊರಲ್ಲಿ ಮಲ ಹೊರುವವರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಫಾಯಿ ಕರ್ಮಚಾರಿ ಆಂದೋಲನದ ಗೆಳೆಯರು 2003ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2013ರಲ್ಲಿ ಹೊಸ ಕಾನೂನು ಬಂತು, ಡಿಸೆಂಬರ್ 6ರಿಂದ, ಅಂದರೆ ಬಾಬಾಸಾಹೇಬರು ತೀರಿಕೊಂಡ ದಿನದಿಂದ ಜಾರಿಗೆ ಬಂತು. ಅದರಲ್ಲಿ ‘ರೈಲ್ವೆ ಹಳಿ’ ಎಂಬ ಮಾತು ಮೊದಲ ಸಲ ಸೇರಿತು. ಹಳಿಯ ಮೇಲಿನ ಮಲ ಎತ್ತುವವರೂ ಮಲ ಹೊರುವವರೇ ಎಂದು ಸರ್ಕಾರ ಒಪ್ಪಿಕೊಂಡಿತು. 2014ರ ಮಾರ್ಚ್ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಗಡುವು ಹಾಕಿಕೊಂಡು ಇದನ್ನು ಕೊನೆಮಾಡಿ ಎಂದು ರೈಲ್ವೆಗೆ ಹೇಳಿತು.

ಆದರೆ ಆ ಕಾನೂನಿನ ವಿವರಣೆಯ ಸಣ್ಣ ಅಕ್ಷರ ಓದಿ. ಕೇಂದ್ರ ಸರ್ಕಾರ ಗೊತ್ತುಪಡಿಸಿದ ಸಾಧನ ಹಿಡಿದು, ರಕ್ಷಣಾ ಉಡುಪು ತೊಟ್ಟು ಮಲ ತೆಗೆದರೆ ಆತ ‘ಮಲ ಹೊರುವವನು’ ಅಲ್ಲವಂತೆ! ಕೈಗೆ ಗ್ಲೌಸು, ಕಾಲಿಗೆ ಬೂಟು ಕೊಟ್ಟರೆ ಮುಗೀತು, ಲೆಕ್ಕದಿಂದ ಹೆಸರು ಹೊಡೆದುಹಾಕಬಹುದು. ಗ್ಲೌಸು ಹರಿದರೆ? ಬೂಟು ಕೊಡದೇ ಕೊಟ್ಟೆವು ಅಂತ ಸಹಿ ಹಾಕಿಸಿಕೊಂಡರೆ? ಕಸುಬು ಅದೇ, ಕೈ ಅದೇ, ಕೇರಿ ಅದೇ. ಮಾರ್ಕ್ಸ್ ಹೇಳಿದ ಕರಗುವುದು ಹೀಗೆ ಕಾಗದದ ಮೇಲೆ ಕರಗಿತು.

ಈಗ ಬಯೋ ಟಾಯ್ಲೆಟ್ ಬಂದಿದೆ. ಬೋಗಿಯ ಕೆಳಗೆ ಟ್ಯಾಂಕು, ಅದರಲ್ಲಿ ಮಲವನ್ನು ತಿನ್ನುವ ಬ್ಯಾಕ್ಟೀರಿಯಾ. ಪ್ರಯಾಣಿಕರ ಬೋಗಿಗಳಿಗೆಲ್ಲಾ ಕೂರಿಸಿದ್ದೇವೆ ಎಂದು ರೈಲ್ವೆ ಹೇಳುತ್ತದೆ. ಕಂಬಿಗಳು ಮೊದಲಿಗಿಂತ ಎಷ್ಟೋ ಚೊಕ್ಕಟವಾಗಿವೆ, ಅದನ್ನು ಇಲ್ಲ ಅನ್ನುವುದು ನ್ಯಾಯವಲ್ಲ, ಅದು ನಮ್ಮವರ ಹೋರಾಟದ ಫಲ ಕೂಡಾ. ಆದರೆ ಅದೇ ಟ್ಯಾಂಕಿನ ಕಥೆಯನ್ನು ಸರ್ಕಾರದ್ದೇ ಸಿ.ಎ.ಜಿ. ವರದಿ 2017ರಲ್ಲಿ ಹೇಳಿತು. ಪರೀಕ್ಷಿಸಿದ 25 ಸಾವಿರ ಚಿಲ್ಲರೆ ಬಯೋ ಟಾಯ್ಲೆಟ್ಟುಗಳಲ್ಲಿ ಒಂದೇ ವರ್ಷದಲ್ಲಿ 1 ಲಕ್ಷಕ್ಕೂ ಹೆಚ್ಚು ಸಲ ಕಟ್ಟಿಕೊಂಡ ದೂರು. ಗುಟ್ಕಾ ಚೀಟಿ, ಬಾಟ್ಲಿ, ಟೀ ಕಪ್ಪು, ಬಟ್ಟೆ, ಎಲ್ಲಾ ಒಳಗೆ ತುರುಕಿದರೆ ಬ್ಯಾಕ್ಟೀರಿಯಾ ಏನು ಮಾಡಬೇಕು? ಕಟ್ಟಿಕೊಂಡದ್ದನ್ನು ಬಿಡಿಸುವವರು ಯಾರು? ಬ್ಯಾಕ್ಟೀರಿಯಾ ಅಲ್ಲ. ಆ ಸಾಹೇಬರ ಮಗನೂ ಅಲ್ಲ.

ಹಾಸ್ಟೆಲಿನ ತಮ್ಮಂದಿರು, ತಂಗಿಯರು ಗಮನ ಕೊಡಬೇಕಾದದ್ದು ಇಲ್ಲಿಂದ ಮುಂದೆ. ಹಿಂದೆ ರೈಲ್ವೆಯ ಸಫಾಯಿ ಕೆಲಸ ಖಾಯಂ ಹುದ್ದೆ. ಕೆಲಸ ನರಕವೇ, ಆದರೆ ತಿಂಗಳ ಸಂಬಳ, ಕ್ವಾರ್ಟರ್ಸು, ಪಾಸು, ಪಿಂಚಣಿ ಇತ್ತು. ಅಪ್ಪ ಕಂಬಿ ತೊಳೆದ ದುಡ್ಡಿನಲ್ಲಿ ಮಗ ಓದಿ ಕ್ಲಾರ್ಕು ಆಗುವ ದಾರಿಯಾದರೂ ಇತ್ತು. ಈಗ ಸ್ಟೇಷನ್ ಗುಡಿಸುವುದು, ಓಡುವ ರೈಲಿನಲ್ಲಿ ಕಕ್ಕಸು ತೊಳೆಯುವುದು ಹೆಚ್ಚಿನ ಕಡೆ ಕಂಟ್ರಾಕ್ಟು. ಕಂಟ್ರಾಕ್ಟಿನಲ್ಲಿ ಮೀಸಲಾತಿ ಇಲ್ಲ ಅಂತಾರೆ. ಆದರೆ ಪೊರಕೆ ಹಿಡಿದವರನ್ನು ಎಣಿಸಿ ನೋಡಿ, ಮೀಸಲಾತಿ ನೂರಕ್ಕೆ ನೂರು ಅನ್ನುವ ಹಾಗೆ ಕಾಣುತ್ತೆ. ಹುದ್ದೆಯನ್ನು ಕಿತ್ತುಕೊಂಡರು, ಹೇಲನ್ನು ನಮಗೇ ಬಿಟ್ಟರು. ಇನ್ನೊಂದು ಕಡೆ, 2019ರಲ್ಲಿ ರೈಲ್ವೆ ಗ್ರೂಪ್ ಡಿ ದರ್ಜೆಯ 1,03,769 ಹುದ್ದೆಗೆ ಅರ್ಜಿ ಕರೆದಾಗ ಬಂದ ಅರ್ಜಿ ಒಂದು ಕೋಟಿಗೂ ಹೆಚ್ಚು. ಪರೀಕ್ಷೆ ನಡೆದದ್ದು 2022ರಲ್ಲಿ. ಮೂರು ವರ್ಷ ಕಾದು, ಸಾಲ ಮಾಡಿ, ರಾತ್ರಿ ಗಾಡಿ ಹತ್ತಿದವರಲ್ಲಿ ನಮ್ಮ ಹುಡುಗರು ಎಷ್ಟಿದ್ದರು!

ಆ ರಾತ್ರಿಯ ಮಿಕ್ಕ ಕಥೆ ಹೇಳಿಬಿಡುತ್ತೇವೆ. ಬೆಂಗಳೂರಿಗೆ ಇನ್ನೊಂದು ಗಂಟೆ ಇತ್ತು. ಬೋಗಿಯಲ್ಲೆಲ್ಲಾ ಜನ ಎದ್ದು ಕಕ್ಕಸಿನ ಮುಂದೆ ಸಾಲು. ಒಂದು ಕಟ್ಟಿಕೊಂಡು ನೀರು ಆಚೆ ಹರಿಯುತ್ತಿತ್ತು. ಕಂಪನಿಯ ಅಂಗಿ ತೊಟ್ಟ ಹುಡುಗ ಬಂದ, ನಮ್ಮ ವಯಸ್ಸಿನವನೇ. ಬರಿಗೈಯಲ್ಲಿ ಕೋಲು ಹಾಕಿ ತಿವಿದ. ಆಮೇಲೆ ಪೊರಕೆ ಹಿಡಿದು ಸೀಟಿನ ಕೆಳಗೆ ಗುಡಿಸುತ್ತಾ ಬಂದ. ಸಾಹೇಬರು ಕಾಲು ಮೇಲೆತ್ತಿದರು. ನಾವೂ ಎತ್ತಿದೆವು. ನಮ್ಮ ಕೈಲಿದ್ದ ಹಾಲ್ ಟಿಕೆಟು ನೋಡಿ ಅವನೇ ಕೇಳಿದ, ‘ಗ್ರೂಪ್ ಡಿ ಆ ಅಣ್ಣಾ? ನಾನೂ ಹಾಕೀನಿ.’ ಯಾವ ಹಾಸ್ಟೆಲಿನಲ್ಲಿದ್ದೆ ಅಂತ ನಾವು ಕೇಳಿದೆವು. ಸಾಹೇಬರು ನಮ್ಮನ್ನು ಕೇಳಿದ ಹಾಗೆಯೇ. ಅವನು ಹೇಳಿದ, ಸೋಷಿಯಲ್ ವೆಲ್‌ಫೇರು. ಸಂಬಳ ಎಷ್ಟು ಅಂದರೆ, ಕಂಟ್ರಾಕ್ಟರು ಹಿಡಿದುಕೊಂಡು ಕೊಡ್ತಾನೆ ಅಂದ. ಗ್ಲೌಸು ಎಲ್ಲಿ ಅಂದರೆ ನಕ್ಕ. ಸೂಪರ್‌ವೈಸರು ಕೂಗಿದ, ಹೋದ. ಹೆಸರು ಕೇಳುವುದನ್ನೂ ಮರೆತೆವು.

ನಮ್ಮಲ್ಲೂ ಒಂದು ಕಾಯಿಲೆ ಇದೆ. ಹೊಲೆಯ, ಮಾದಿಗ ಅಂತ ಒಡೆದುಕೊಂಡವರು, ಜಾಡಮಾಲಿ ಅಂದಕೂಡಲೇ ಮತ್ತೂ ಒಂದು ಮೆಟ್ಟಿಲು ಕೆಳಗೆ ಹಾಕುವವರು. 2010ರಲ್ಲಿ ಸವಣೂರಿನ ಭಂಗಿಗಳು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡಾಗ ಎಷ್ಟು ಹಾಸ್ಟೆಲುಗಳಿಂದ ಹುಡುಗರು ಹೋಗಿದ್ದರು?

ರೈಲ್ವೆಯ ಸಫಾಯಿ ಕೆಲಸ ಖಾಯಂ ಆಗಬೇಕು, ಅದರ ಕಂಟ್ರಾಕ್ಟು ರದ್ದಾಗಬೇಕು. ಕಟ್ಟಿಕೊಂಡದ್ದನ್ನು ಬಿಡಿಸಲು ಯಂತ್ರ ಬರಬೇಕು, ಅಲ್ಲಿರುವ ಹುಡುಗರಿಗೆ ಬೇರೆ ಹುದ್ದೆಗೆ ಹೋಗುವ ದಾರಿ ಬಿಡಬೇಕು. ಇದನ್ನು ಕೇಳಲು ಲೆಕ್ಕ ಬೇಕು, ಲೆಕ್ಕ ಅವರು ಕೊಡುವುದಿಲ್ಲ. ಆದ್ದರಿಂದ ಇನ್ನು ಮೇಲೆ ಪರೀಕ್ಷೆಗೋ, ಊರಿಗೋ, ಸಭೆಗೋ ರಾತ್ರಿ ಗಾಡಿ ಹತ್ತಿದವರು ಬೋಗಿ ಗುಡಿಸುವವರ ಜೊತೆ ಐದು ನಿಮಿಷ ಕೂತು ಮಾತಾಡಿ. ಗಾಡಿ ಯಾವುದು, ಕೈಗೆ ಬರುವ ಸಂಬಳ ಎಷ್ಟು, ಪಿ.ಎಫ್. ಕಟ್ಟುತ್ತಾರಾ, ಗ್ಲೌಸು ಬೂಟು ಕೊಟ್ಟಿದ್ದಾರಾ, ಎಲ್ಲಿಯವರೆಗೆ ಓದಿದ್ದಾರೆ, ಬರೆದುಕೊಳ್ಳಿ. ಅವರ ಕೆಲಸಕ್ಕೆ ಕುತ್ತು ಬರುವುದು ಬೇಡ, ಹೆಸರು ಬರೆಯಬೇಡಿ. ಮುಂದಿನ ಸಭೆಗೆ ಬರುವಾಗ ಆ ಚೀಟಿ ತನ್ನಿ.