ತಾಳೆಗರಿಗೆ ಯಾವ ಕ್ಯಾಮೆರಾ?

ಮೂಡುಬಿದಿರೆಯ ಧವಲಾದಂತಹ ತಾಡಪತ್ರಗಳನ್ನೂ ವೇಣೂರು ಗೊಮ್ಮಟನ 1604ರ ಶಾಸನಗಳನ್ನೂ ಚಿತ್ರೀಕರಿಸಬಯಸುವ ಸಂಶೋಧಕರು ಉನ್ನತ ದರ್ಜೆಯ ಡಿಎಸ್‌ಎಲ್‌ಆರ್ ಕೊಳ್ಳುವಾಗ ಮೆಗಾಪಿಕ್ಸೆಲ್ ಸಂಖ್ಯೆಯನ್ನೇ ಹೋಲಿಸುವುದುಂಟು. ಕ್ಯಾನನ್ 5ಡಿಎಸ್ ಆರ್ ಚಿತ್ರದ ಅಗಲ 8,688 ಪಿಕ್ಸೆಲ್. ನಿಕಾನ್ ಡಿ850ರದು 8,256. ಎರಡಡಿ ಉದ್ದದ ಗರಿಯನ್ನು ಇಡಿಯಾಗಿ ಸೆರೆಹಿಡಿದರೆ ಅಂಗುಲಕ್ಕೆ ದೊರೆಯುವುದು ಕ್ರಮವಾಗಿ 362 ಮತ್ತು 344 ಪಿಕ್ಸೆಲ್. ಅಂತರ ಸುಮಾರು ಶೇ. 5 ಮಾತ್ರ. ಗರಿಯನ್ನು ಎರಡು ಭಾಗವಾಗಿ ತೆಗೆದರೆ ಯಾವ ಕ್ಯಾಮೆರಾದಲ್ಲಾದರೂ ಈ ಸಂಖ್ಯೆ ಇಮ್ಮಡಿಯಾಗುತ್ತದೆ. ಗರಿಯ ಸಣ್ಣ ಅಕ್ಷರಕ್ಕೆ ಉತ್ತಮ ಮ್ಯಾಕ್ರೋ ಲೆನ್ಸ್ ಮತ್ತು ಅಲುಗದ ಸ್ಟ್ಯಾಂಡ್ ಬೇಕು. ಸವೆದ ಶಿಲಾಕ್ಷರಕ್ಕೆ ಓರೆಯಾಗಿ ಬೀಳುವ ಬೆಳಕು ಬೇಕು. ಹಣ ಮೊದಲು ಇವುಗಳಿಗೆ ಸಲ್ಲಬೇಕು. ಕ್ಯಾಮೆರಾವನ್ನು ಮತ್ತೊಮ್ಮೆ ಕೊಳ್ಳಬಹುದು. ಜೀರ್ಣಗೊಂಡ ಗರಿಯನ್ನು ಮತ್ತೆ ಮತ್ತೆ ಬಿಡಿಸಲಾಗದು. ಚಿತ್ರ ಮಸುಕಾದರೆ ಪಾಠನಿರ್ಣಯವೂ ಊಹೆಯಾಗುತ್ತದೆ.